ಡೋರೀನಳ ಹಿತ್ತಾಳೆ ಪಿನ್ನು

ನಮ್ಮ ಮನೆಯ ವಾಷಿಂಗ್ ಮೆಷಿನ್ನಿಗೆ ಈಗ ಹದಿನೇಳು ವರ್ಷ. ಕಳೆದ ವಾರ ಅದು ಹೊಟ್ಟೆ ತುಂಬ ನೀರು ತುಂಬಿಕೊಂಡು, ಇನ್ನು ತಿರುಗುವವಳಲ್ಲ ಎಂಬಂತೆ ಸುಮ್ಮನೆ ಕೂತುಬಿಟ್ಟಿತು. ರಾಮಮೂರ್ತಿ ನಗರದಿಂದ ಬಂದ ಮೆಕ್ಯಾನಿಕ್ ಮುರುಗೇಶ್ ನೀರು ಬಸಿದು, ಅದನ್ನು ಪಕ್ಕಕ್ಕೆ ಮಲಗಿಸಿ, ಟಾರ್ಚ್ ಬಿಟ್ಟು ನೋಡಿ, ಡಾಕ್ಟರಂತೆ ತಲೆಯಾಡಿಸಿದ.

“ಅಮ್ಮಾ, ಇದ್ರ ಒರಿಜಿನಲ್ ಸ್ಪೇರು ಈಗ ಬರ್ತಾ ಇಲ್ಲ. ಲೋಕಲ್ ಹಾಕ್ತೀನಿ. ಏನೂ ಯೋಚ್ನೆ ಮಾಡ್ಬೇಡಿ, ಕಂಪ್ನಿದಕ್ಕಿಂತ ಸ್ಟ್ರಾಂಗಾಗಿರುತ್ತೆ.”

“ಎಷ್ಟು ಸ್ಟ್ರಾಂಗು?” ಎಂದೆ.

“ಒಡೆಯೋದೇ ಇಲ್ಲ ಬಿಡಿ.”

“ಒಡೀಬೇಕಾದಾಗಲೂ ಒಡೆಯಲ್ವಾ?”

ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ನನ್ನ ಸೊಸೆಯ ಕಡೆ ನೋಡಿದ. ಸೊಸೆ, “ಅತ್ತೆ, ಬನ್ನಿ, ನಿಮ್ಮ ಕಾಫಿ ಆರ್ತಾ ಇದೆ,” ಎಂದು ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಅವಳ ಲೆಕ್ಕದಲ್ಲಿ ನಾನೊಬ್ಬಳು ನರ್ವಸ್ ಮುದುಕಿ. ಮೆಷಿನ್ ಓಡುವಷ್ಟು ಹೊತ್ತೂ ಸ್ವಿಚ್ಚಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುತ್ತೇನೆ ಎಂಬುದು ಅವಳ ಗೆಳತಿಯರಿಗೆಲ್ಲ ಗೊತ್ತು. ಅವರು ನಗುತ್ತಾರೆ. ಅವರ ಜೊತೆ ನಾನೂ ನಗುತ್ತೇನೆ. ಕೂರುವುದನ್ನು ಮಾತ್ರ ಬಿಟ್ಟಿಲ್ಲ.

ಅವಳಿಗೆ ಹೇಳದ ಕಾರಣವನ್ನು ನಿಮಗೆ ಹೇಳಬಹುದು ಅನ್ನಿಸುತ್ತಿದೆ.

ಅರವತ್ತರ ದಶಕದ ಕೊನೆಯ ವರ್ಷಗಳು. ನಾವು ಹಲಸೂರಿನಲ್ಲಿ, ಕೆರೆಗೆ ಎರಡು ರಸ್ತೆ ಈಚೆ, ಒಂದು ಹೆಂಚಿನ ಮನೆಯ ಅರ್ಧಭಾಗದಲ್ಲಿ ಬಾಡಿಗೆಗಿದ್ದೆವು. ಇನ್ನರ್ಧದಲ್ಲಿ ಆಂಟಿ ಡೋರೀನ್ ಎಂಬ ಆಂಗ್ಲೋ ಇಂಡಿಯನ್ ಹೆಂಗಸು ಇದ್ದರು. ಮಗಳ ಹತ್ತಿರ ಆಸ್ಟ್ರೇಲಿಯಾಕ್ಕೆ ಹೊರಟಾಗ ಅವರು ನಾಯಿಯನ್ನು ಹಿಂದಿನ ಬೀದಿಯವರಿಗೆ, ಪಿಯಾನೋವನ್ನು ಚರ್ಚಿಗೆ, ವಾಷಿಂಗ್ ಮೆಷಿನ್ನನ್ನು ನಮ್ಮಮ್ಮನಿಗೆ ಕೊಟ್ಟು ಹೋದರು. “ಷಿ ಈಸ್ ಓಲ್ಡ್, ಬಟ್ ಷಿ ಈಸ್ ಎ ಲೇಡಿ,” ಎಂದು ಮೆಷಿನ್ನಿನ ಬೆನ್ನು ತಟ್ಟಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಡೋರೀನ್ ಎಂದೇ ಹೆಸರಾಯಿತು. ಅಜ್ಜಿಯ ಬಾಯಲ್ಲಿ ಅದು ಡೋರಿ.

ಈಗಿನವರಿಗೆ ಆ ಮೆಷಿನ್ ಹೇಗಿತ್ತೆಂದು ಹೇಳಬೇಕು. ನಾಲ್ಕು ಕಾಲಿನ ಮೇಲೆ ಬಿಳಿ ಎನಾಮೆಲ್ಲಿನ ದುಂಡನೆಯ ತೊಟ್ಟಿ. ಬಟ್ಟೆಯನ್ನು ಅತ್ತ ಇತ್ತ ತಿರುವಲು ಒಳಗೊಂದು ದೊಡ್ಡ ರೆಕ್ಕೆ. ಅಜ್ಜಿ ಅದನ್ನು ಕಡಗೋಲು ಎನ್ನುತ್ತಿದ್ದರು. ತೊಟ್ಟಿಯ ಮೇಲೆ, ಒಂದರ ಮೇಲೊಂದು ಒತ್ತಿಕೊಂಡು ತಿರುಗುವ ಎರಡು ರಬ್ಬರ್ ರೋಲರುಗಳು. ನೀರು ಸೋರುವ ಬಟ್ಟೆಯನ್ನು ಒಂದು ಕಡೆಯಿಂದ ಕೊಟ್ಟರೆ ಹಿಂಡಿಕೊಂಡು ಇನ್ನೊಂದು ಕಡೆಗೆ ಹಪ್ಪಳದಂತೆ ಹೊರಬರುತ್ತಿತ್ತು. ಕಬ್ಬಿನ ಹಾಲಿನ ಗಾಣ ನೋಡಿದ್ದೀರಲ್ಲ, ಅದೇ. ಹಲಸೂರು ಮಾರ್ಕೆಟ್ಟಿನ ಹತ್ತಿರ ಕಬ್ಬಿನ ಹಾಲು ಮಾರುತ್ತಿದ್ದವನಿಗೆ ಬಲಗೈಯಲ್ಲಿ ಮೂರೇ ಬೆರಳು. ಅವನು ಗ್ಲಾಸು ಚಾಚಿದಾಗಲೆಲ್ಲ ನಾನು ಅವನ ಕೈ ನೋಡದೆ ಆಕಾಶ ನೋಡಿಕೊಂಡು ಇಸಿದುಕೊಳ್ಳುತ್ತಿದ್ದೆ.

ಡೋರೀನ್ ಬಂದದ್ದರಿಂದ ನಮ್ಮ ಮನೆಯಲ್ಲಿ ಸಣ್ಣಪುಟ್ಟ ಯುದ್ಧಗಳಾದವು. ಅಜ್ಜಿಯ ಮಡಿ ಸೀರೆ ಅದರ ನೆರಳಿಗೂ ಹೋಗಲಿಲ್ಲ. ಧೋಬಿ ಮುನಿಯಪ್ಪ ಬಾಗಿಲಲ್ಲಿ ನಿಂತು, “ಆಗ್ಲಿ ಅಮ್ಮಾವ್ರೆ, ನಿಮ್ಮ ದೊರೆಸಾನಿ ಇಸ್ತ್ರಿನೂ ಮಾಡ್ತಾಳಾ ಕೇಳಿ,” ಎಂದು ಹೋದವನು ಎರಡು ತಿಂಗಳು ನಮ್ಮ ಕಡೆ ತಲೆ ಹಾಕಲಿಲ್ಲ. ರೋಲರಿಗೆ ಸಿಕ್ಕ ಅಪ್ಪನ ಷರ್ಟುಗಳ ಗುಂಡಿಗಳು ಪುಡಿಯಾಗುತ್ತಿದ್ದವು. ಬಣ್ಣ ಬಣ್ಣದ ಗುಂಡಿಗಳ ಷರ್ಟು ಹಾಕಿಕೊಂಡು ಅಪ್ಪ ಕಾರ್ಖಾನೆಯ ಬಸ್ಸು ಹತ್ತುತ್ತಿದ್ದರು. ನನ್ನ ಕಾನ್ವೆಂಟಿನ ಯೂನಿಫಾರ್ಮಿನ ನೆರಿಗೆಗಳು ಮಾತ್ರ ಎಷ್ಟು ಚಪ್ಪಟೆಯಾಗಿ ಬರುತ್ತಿದ್ದವೆಂದರೆ ಸಿಸ್ಟರ್ ಆಗ್ನೆಸ್ ನನ್ನನ್ನು ಕ್ಲಾಸಿನ ಮುಂದೆ ನಿಲ್ಲಿಸಿ, “ಲುಕ್ ಅಟ್ ಪದ್ಮಾಸ್ ಪ್ಲೀಟ್ಸ್,” ಎಂದಿದ್ದರು. ಒಂದು ವಾರ ನೆಲದ ಮೇಲೆ ನಡೆಯಲಿಲ್ಲ ನಾನು.

ಆದರೆ ಡೋರೀನ್ ನಿಜವಾಗಿ ಬೇಕಾಗಿದ್ದುದು ಅಮ್ಮನಿಗೆ. ಅಮ್ಮ ಆಗ ವಿಮಾ ಕಚೇರಿಯೊಂದರಲ್ಲಿ ಟೆಂಪರರಿ ಟೈಪಿಸ್ಟ್. ನಮ್ಮ ಬೀದಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಮೊದಲ ಗೃಹಿಣಿ. ಕೈಯಲ್ಲಿ ಬಟ್ಟೆ ಹಿಂಡಿ ಹಿಂಡಿ ಮಣಿಕಟ್ಟು ಊದಿಕೊಂಡರೆ ಮರುದಿನ ಬೆರಳು ಓಡುತ್ತಿರಲಿಲ್ಲ. ಆ ವರ್ಷದ ಕೊನೆಗೆ ಟೈಪಿಂಗ್ ಟೆಸ್ಟ್ ಇತ್ತು. ಪಾಸಾದರೆ ಪರ್ಮನೆಂಟ್, ಇಲ್ಲದಿದ್ದರೆ ಮನೆಗೆ. ಡೋರೀನ್ ಗುಡುಗುಟ್ಟುತ್ತ ಬಟ್ಟೆ ತಿರುವುತ್ತಿದ್ದರೆ ಅಮ್ಮ ಅದರ ಮುಚ್ಚಳದ ಮೇಲೆ ಹತ್ತೂ ಬೆರಳಿಟ್ಟು ಎ ಎಸ್ ಡಿ ಎಫ್ ಎಂದು ತಟ್ಟಿಕೊಳ್ಳುತ್ತಿದ್ದರು. ಅವರಿಗೆ ಅದೇ ಪ್ರಾಕ್ಟೀಸು, ಅದೇ ವಿಶ್ರಾಂತಿ.

ಡೋರೀನಳಲ್ಲಿ ಒಂದೇ ಒಂದು ದೋಷ. ಕೆಳಗಿನ ಮೋಟಾರಿನ ಬಲವನ್ನು ಮೇಲಿನ ರೋಲರಿಗೆ ಕೊಂಡೊಯ್ಯುವ ಸರಳು ಇತ್ತಲ್ಲ, ಅದರ ಸಂದಿನಲ್ಲಿ ಒಂದು ಹಿತ್ತಾಳೆ ಪಿನ್ನು. ಬೆಂಕಿಕಡ್ಡಿಗಿಂತ ಚೂರು ದಪ್ಪ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದ. ಜಮಖಾನವೋ ಅಪ್ಪನ ಖಾಕಿ ಪ್ಯಾಂಟೋ ರೋಲರಿಗೆ ಗಂಟಾಗಿ ಸಿಕ್ಕಿಕೊಂಡರೆ ಟಿಕ್ ಎಂದು ಮುರಿಯುತ್ತಿತ್ತು. ಮೋಟಾರ್ ಸುತ್ತುತ್ತಲೇ ಇರುವುದು, ರೋಲರ್ ನಿಂತುಬಿಡುವುದು. ಆಂಟಿ ಡೋರೀನ್ ಹೋಗುವಾಗ ಒಂದು ತಂಬಾಕಿನ ಡಬ್ಬಿಯಲ್ಲಿ ಒಂಬತ್ತು ಪಿನ್ನು ಹಾಕಿ ಕೊಟ್ಟಿದ್ದರು. ಒಂಬತ್ತು ಯಾಕೆ ಎಂದು ನಾವು ಯಾರೂ ಯೋಚಿಸಲಿಲ್ಲ. ವರ್ಷ ತುಂಬುವುದರೊಳಗೆ ಡಬ್ಬಿ ಖಾಲಿಯಾಯಿತು.

ಅಪ್ಪ ಒಂದು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ಟೂಲ್ ರೂಮಿನವರೆಂದರೆ ಕಾರ್ಖಾನೆಯಲ್ಲಿ ಪುರೋಹಿತರಿದ್ದ ಹಾಗೆ. ಮಿಕ್ಕವರು ಮಾಡುವ ವಸ್ತುಗಳ ಅಚ್ಚನ್ನು ಇವರು ಮಾಡುತ್ತಾರೆ. ತಾವು ಮಾಡಿದ್ದು ಮುರಿಯಿತು ಎಂದರೆ ಅಲ್ಲಿ ತಲೆ ತಗ್ಗಿಸಿಕೊಂಡು ಕ್ಯಾಂಟೀನಿಗೆ ಹೋಗಬೇಕು. ಕೊನೆಯ ಪಿನ್ನಿನ ಎರಡು ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಅಪ್ಪ ಹೇಳಿದ್ದರು: “ನೋಡು, ಇಡೀ ಮೆಷಿನ್ನು ಫಸ್ಟ್ ಕ್ಲಾಸು. ಇದೊಂದು ಪಾರ್ಟು ಥರ್ಡ್ ಕ್ಲಾಸು. ಫಾರಿನ್‌ನೋರೂ ಕಳ್ಳಾಟ ಆಡ್ತಾರೆ.”

ಒಂದು ಶನಿವಾರ, ನನಗೆ ಅರ್ಧ ದಿನ ಸ್ಕೂಲು. ಅಪ್ಪ ನನ್ನನ್ನು ಗೇಟಿನಿಂದಲೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಿವಾಜಿನಗರದ ಗುಜರಿಗೆ ಹೊರಟರು. ನಾನು ಬೇಕಾಗಿದ್ದುದು ಭಾಷೆಗೆ. ಅಪ್ಪ ಮಂಡ್ಯದ ಕಡೆಯವರು, ದಖನಿ ಉರ್ದು ಕಿವಿಗೆ ಬಿದ್ದರೆ ನಗುತ್ತ ನಿಲ್ಲುತ್ತಿದ್ದರು. ನಾನು ಎದುರುಮನೆಯ ಹುಡುಗಿಯರ ಜೊತೆ ಕುಂಟೆಬಿಲ್ಲೆ ಆಡಿ ಅದನ್ನು ಕಲಿತಿದ್ದೆ. ಗುಜರಿಯಲ್ಲಿ ಬಾಷಾ ಸಾಹೇಬರೆಂಬ ಮುದುಕರ ಅಂಗಡಿ. ಅಂಗಡಿ ಎಂದರೆ ನೆಲದ ಮೇಲೆ ಹಾಸಿದ ಗೋಣಿತಟ್ಟು, ಅದರ ಮೇಲೆ ಜಗತ್ತಿನ ಎಲ್ಲ ಮೆಷಿನ್ನುಗಳ ಕರುಳು. ಅಪ್ಪ ಮುರಿದ ತುಂಡು ತೋರಿಸಿದ ಕೂಡಲೇ ಸಾಹೇಬರು ಒಂದು ಮಿಲಿಟರಿ ಡಬ್ಬಿಯೊಳಗೆ ಬೆರಳಾಡಿಸಿ ಅಂಥದೇ ನಾಲ್ಕು ತೆಗೆದರು.

ಅಪ್ಪ ಒಂದನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿ ನೋಡಿದರು. “ಮೆತ್ತಗಿದೆ. ಡ್ಯೂಪ್ಲಿಕೇಟು. ಇದೂ ತಿಂಗಳಿಗೆ ಮುರಿಯೋದೇ. ಸ್ಟೀಲಿನ ಕಡ್ಡಿ ಇದ್ಯಾ ಕೇಳು, ನಾನೇ ಮಾಡ್ಕೋತೀನಿ.”

ನಾನು ಕೇಳಿದೆ. ಸಾಹೇಬರು ಕಡ್ಡಿ ಕೊಟ್ಟರು. ಅದನ್ನು ಯಾವುದಕ್ಕೆ ಹಾಕುತ್ತಾರೆಂದು ತಿಳಿದಾಗ ಮಾತ್ರ ಅವರ ಮುಖ ಬದಲಾಯಿತು. ಅಪ್ಪನನ್ನು ಬಿಟ್ಟು ನನ್ನನ್ನೇ ನೋಡುತ್ತ, “ತುಮಾರೆ ಬಾವಾ ಕೂ ಬೋಲೊ ಬೇಟಾ. ಟೂಟ್ನಾಚ್ ಇಸ್ಕಾ ಕಾಮ್. ಇನೆ ನೈ ಟೂಟೆ ತೋ ಹಾತ್ ಟೂಟ್ತಾ,” ಎಂದರು. ಮುರಿಯುವುದೇ ಇದರ ಕೆಲಸ, ಇದು ಮುರಿಯದಿದ್ದರೆ ಕೈ ಮುರಿಯುತ್ತದೆ, ನಿಮ್ಮಪ್ಪನಿಗೆ ಹೇಳು.

ನನಗೆ ಪೂರ್ತಿ ಅರ್ಥವಾಯಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ, ಅರ್ಥವಾಗಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲು ಆಗಿಲ್ಲ.

ಆದರೆ ಅದೇ ಹೊತ್ತಿಗೆ ರಸ್ತೆಯಾಚೆ ಒಂದು ಕಾರು ನಿಂತಿತ್ತು. ನನ್ನ ಕ್ಲಾಸಿನ ರೋಸ್‌ಮೇರಿಯ ಮನೆಯ ಕಾರಿನ ಹಾಗೇ ಇತ್ತು. ನಾನು ಯೂನಿಫಾರ್ಮಿನಲ್ಲಿ, ಆ ಪ್ರಖ್ಯಾತ ನೆರಿಗೆಗಳ ಸಮೇತ, ಗುಜರಿಯ ಗೋಣಿತಟ್ಟಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದೆ. ಈ ಮಾತನ್ನು ಹೇಳಿದರೆ ಅಪ್ಪ ವಾದಕ್ಕೆ ಇಳಿಯುತ್ತಾರೆ, ನಾನು ಎರಡೂ ಕಡೆಗೆ ತರ್ಜುಮೆ ಮಾಡುತ್ತ ಇನ್ನೂ ಅರ್ಧ ಗಂಟೆ ಕೂರಬೇಕಾಗುತ್ತದೆ.

“ಏನಂತೆ?” ಎಂದರು ಅಪ್ಪ.

“ಏನಿಲ್ಲಪ್ಪ. ಒಳ್ಳೆ ಕಡ್ಡಿ ಅಂತಿದಾರೆ. ಹೋಗೋಣ.”

ಕಾರು ರೋಸ್‌ಮೇರಿಯವರದಲ್ಲ. ಒಳಗಿಂದ ಯಾರೋ ಮಿಲಿಟರಿಯವರು ಇಳಿದರು.

ಅಂದು ಸಂಜೆ ನಮ್ಮ ಹಿತ್ತಲಿನಲ್ಲಿ ಒಂದು ಸಣ್ಣ ಯಜ್ಞವೇ ನಡೆಯಿತು. ಅಪ್ಪ ಕಡ್ಡಿಯನ್ನು ಅಳತೆಗೆ ಕತ್ತರಿಸಿ, ಅರದಿಂದ ಉಜ್ಜಿ, ಇದ್ದಿಲ ಒಲೆಯಲ್ಲಿ ಕೆಂಪಗೆ ಕಾಯಿಸಿ, ಅಜ್ಜಿಯ ಹರಳೆಣ್ಣೆಯ ಬಟ್ಟಲಿಗೆ ಬಿಟ್ಟರು. ಚುಂಯ್ ಎಂದಿತು. “ನನ್ನ ತಲೆಗೆ ಹಚ್ಕೊಳ್ಳೋ ಎಣ್ಣೆ ಕಣೋ ಅದು,” ಎಂದು ಅಜ್ಜಿ. “ಇನ್ಮೇಲೆ ಹಚ್ಕೋ, ತಲೆ ಗಟ್ಟಿಯಾಗುತ್ತೆ,” ಎಂದು ಅಪ್ಪ. ಮತ್ತೆ ಅದನ್ನು ಹದವಾಗಿ ಕಾಯಿಸಿ, ಒಣಹುಲ್ಲಿನ ಬಣ್ಣ ಬಂದ ಕ್ಷಣಕ್ಕೆ ಇಳಿಸಿದರು. ಆ ಬಣ್ಣ ಹಿಡಿಯುವುದಕ್ಕೆ ಹತ್ತು ವರ್ಷದ ಕೈ ಬೇಕಂತೆ. ಪಿನ್ನನ್ನು ಡೋರೀನಳ ಸಂದಿಗೆ ಕೂರಿಸಿ, “ನೋಡೇ, ಇನ್ನು ಇದು ಪದ್ದು ಮೊಮ್ಮಕ್ಕಳ ಕಾಲಕ್ಕೂ ಮುರಿಯಲ್ಲ,” ಎಂದು ಅಮ್ಮನ ಮುಂದೆ ಕೈ ಒರೆಸಿಕೊಂಡರು. ಅಷ್ಟು ಖುಷಿಯಾಗಿದ್ದ ಅಪ್ಪನನ್ನು ನಾನು ಆಮೇಲೆ ನೋಡಿದ್ದು ಕಡಿಮೆ. ಆಗ ಹೇಳಬಹುದಿತ್ತು. ಹೇಗೆ ಹೇಳುವುದು?

ಪ್ರತಿ ಭಾನುವಾರ ಬಟ್ಟೆ ಒಗೆಯುವ ದಿನ. ಆ ಭಾನುವಾರದಿಂದ ನಾನು ಸ್ವಿಚ್ಚಿನ ಪಕ್ಕ ನಿಲ್ಲತೊಡಗಿದೆ. ಕೈಯಲ್ಲಿ ಪಠ್ಯಪುಸ್ತಕ ಇರುತ್ತಿತ್ತು. ಒಂದು ಅಕ್ಷರವೂ ತಲೆಗೆ ಇಳಿಯುತ್ತಿರಲಿಲ್ಲ. ಜಮಖಾನ ಬಂತು, ಗಂಟಾಯಿತು, ರೋಲರುಗಳು ಕಿರ್ರೆಂದವು, ಪಿನ್ನು ಮುರಿಯಲಿಲ್ಲ. ಡೋರೀನ್ ಒಮ್ಮೆ ಮೈ ನಡುಗಿಸಿ ಜಮಖಾನವನ್ನು ನುಂಗಿ ಆಚೆ ಉಗುಳಿದಳು. “ಶಹಬ್ಬಾಸ್,” ಎಂದರು ಅಪ್ಪ. ನನ್ನ ಅಂಗೈ ಬೆವೆತು ಪುಸ್ತಕದ ರಟ್ಟಿನ ನೀಲಿ ಬಣ್ಣ ಕೈಗೆ ಹತ್ತಿತ್ತು. ರೋಲರುಗಳನ್ನು ಬಿಡಿಸುವ ಹಿಡಿಕೆಯೊಂದು ಮೇಲ್ಗಡೆ ಇತ್ತು, ಆದರೆ ಅದು ನಮ್ಮಲ್ಲಿಗೆ ಬರುವ ಮೊದಲೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾನು ಯಾರೂ ಇಲ್ಲದಾಗ ಅದನ್ನು ಜಗ್ಗಿ ನೋಡಿದ್ದೇನೆ, ಎಷ್ಟೋ ಸಲ. ರಾತ್ರಿ ಪ್ರಾರ್ಥನೆಗೆ ಅಜ್ಜಿಯ ರಾಮನನ್ನೂ ಸಿಸ್ಟರ್ ಆಗ್ನೆಸ್‌ರ ಮೇರಿಮಾತೆಯನ್ನೂ ಒಟ್ಟಿಗೇ ಕರೆಯುತ್ತಿದ್ದೆ. ಇಬ್ಬರಲ್ಲಿ ಒಬ್ಬರಾದರೂ ಭಾನುವಾರ ಹಲಸೂರಿನಲ್ಲಿರಲಿ ಎಂದು.

“ಇವಳಿಗೆ ಡೋರೀನ್ ಅಂದ್ರೆ ಪ್ರಾಣ,” ಎನ್ನುತ್ತಿದ್ದರು ಅಮ್ಮ. “ಬಿಟ್ಟು ಅಲ್ಲಾಡಲ್ಲ.”

ವಾರ ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಮೊದಲ ವಾರವೇ ಹೇಳಿದ್ದರೆ ಮರೆತಿದ್ದೆ ಎನ್ನಬಹುದಿತ್ತು. ಏಳನೆಯ ವಾರ ಏನೆನ್ನುವುದು?

ಎಂಟೋ ಒಂಬತ್ತೋ ವಾರಕ್ಕೆ ಅದು ಆಯಿತು. ಅಮ್ಮ ದಿಂಬಿನ ಚೀಲಗಳನ್ನು ರೋಲರಿಗೆ ಕೊಡುತ್ತಿದ್ದರು. ಒಂದರ ಮೂಲೆ ಮಡಿಚಿಕೊಂಡಿತು. ಬಿಡಿಸಲು ಎಡಗೈ ಚಾಚಿದರು. ಒದ್ದೆ ಬಟ್ಟೆ ಬೆರಳಿಗೆ ಸುತ್ತಿಕೊಂಡು, ಬಟ್ಟೆಯ ಜೊತೆಗೆ ಬೆರಳೂ ಹೋಯಿತು. ಅಮ್ಮ ಕೂಗಲಿಲ್ಲ. “ಅಯ್ಯೋ, ಪದ್ದು,” ಎಂದರು, ಹಾಲು ಉಕ್ಕಿದಾಗ ಅನ್ನುವ ಹಾಗೆ. ಆ ಮಾತು ಮುಗಿಯುವುದರೊಳಗೆ ನಾನು ಸ್ವಿಚ್ಚು ಆರಿಸಿದ್ದೆ. ಆದರೂ ರೋಲರ್ ಇನ್ನರ್ಧ ಸುತ್ತು ತಿರುಗಿತು. ಪಿನ್ನು ಹಿತ್ತಾಳೆಯದಾಗಿದ್ದರೆ ಮೊದಲ ಗೆಣ್ಣಿಗೇ ಟಿಕ್ ಎನ್ನುತ್ತಿತ್ತು.

ಅಪ್ಪ ಅರ್ಧ ಕ್ಷೌರದ ಮುಖದಲ್ಲಿ ಓಡಿ ಬಂದರು. ರೋಲರಿನ ಚೌಕಟ್ಟನ್ನು ಸಡಿಲಿಸಬೇಕು, ನಾಲ್ಕು ನಟ್ಟು. ಕೂದಲೆಳೆಯ ಅಳತೆಗೆ ಕೆಲಸ ಮಾಡುವ ಆ ಕೈಯಿಂದ ಸ್ಪ್ಯಾನರ್ ಮೂರು ಸಲ ಜಾರಿ ನೆಲಕ್ಕೆ ಬಿತ್ತು. “ಇರಲಿ ರೀ, ನಿಧಾನ,” ಎಂದು ಅಮ್ಮನೇ ಅವರಿಗೆ ಸಮಾಧಾನ ಹೇಳುತ್ತಿದ್ದರು. ಕೈ ಹೊರಬಂದಾಗ ನಡುಬೆರಳೂ ಉಂಗುರದ ಬೆರಳೂ ಬೇರೆ ಯಾರದ್ದೋ ಬೆರಳುಗಳ ಹಾಗಿದ್ದವು.

ಎರಡೂ ಬೆರಳು ಉಳಿಯುತ್ತವೆ ಎಂದರು ಡಾಕ್ಟರು. ಸ್ವಿಚ್ಚು ಇನ್ನೊಂದು ಗಳಿಗೆ ತಡವಾಗಿದ್ದರೆ ಹೇಳುವ ಹಾಗಿರಲಿಲ್ಲವಂತೆ. ಅಪ್ಪ ಅದನ್ನು ಬೀದಿಗೆಲ್ಲ ಹೇಳಿದರು. “ನಮ್ಮ ಪದ್ದು ಉಳಿಸಿದ್ಲು.” ಮುನಿಯಪ್ಪ ಹಳೆಯ ಮುನಿಸು ಮರೆತು ಬಂದವನು ನನ್ನ ತಲೆ ಮುಟ್ಟಿ, “ಜಾಣೆ ಕಣವ್ವ ನೀನು,” ಎಂದ. ಸುದ್ದಿ ಸ್ಕೂಲಿಗೂ ಹೋಯಿತು. ಸಿಸ್ಟರ್ ಆಗ್ನೆಸ್ ಅಸೆಂಬ್ಲಿಯಲ್ಲಿ ನನ್ನನ್ನು ಮುಂದೆ ಕರೆದು, ಪ್ರೆಸೆನ್ಸ್ ಆಫ್ ಮೈಂಡ್ ಎಂದರೆ ಏನೆಂದು ಎಲ್ಲರಿಗೂ ವಿವರಿಸಿ, ಸಂತರ ಚಿತ್ರದ ಒಂದು ಕಾರ್ಡು ಕೊಟ್ಟರು. ರೋಸ್‌ಮೇರಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಕಾರ್ಡನ್ನು ಭೂಗೋಳದ ಪುಸ್ತಕದ ತಳದಲ್ಲಿ ಇಟ್ಟು ಆ ಪುಸ್ತಕವನ್ನು ಇಡೀ ವಾರ ತೆರೆಯಲಿಲ್ಲ.

ಅಮ್ಮ ಮಾತ್ರ ಒಮ್ಮೆ, ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, “ಅಷ್ಟು ಬೇಗ ಹೇಗೆ ಆರಿಸ್ದೆ ಪುಟ್ಟಾ? ಮೊದಲೇ ಗೊತ್ತಿದ್ದೋರ ಹಾಗೆ,” ಎಂದರು. ಮೆಚ್ಚಿಕೆಯಿಂದಲೇ ಅಂದದ್ದು. ನಾನು ನೀರು ತರುತ್ತೇನೆಂದು ಎದ್ದು ಹೋದೆ.

ಮುಂದಿನ ಶನಿವಾರ ಅಪ್ಪ ಹಿತ್ತಲಿನಲ್ಲಿ ಡೋರೀನಳ ಸಂದು ಬಿಚ್ಚಿ ಪಿನ್ನನ್ನು ಬಡಿದು ಹೊರತೆಗೆದರು. ಬೆಳಕಿಗೆ ಹಿಡಿದರು. ಬಾಗಿರಲಿಲ್ಲ. ಒಂದು ಗೀರೂ ಇರಲಿಲ್ಲ. ಎಲ್ಲಿಯವರಿಗೆ ತೋರಿಸಿದರೂ ಭೇಷ್ ಎನ್ನುವಂಥ ಕೆಲಸ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದರು.

“ಮುರೀಬೇಕಿತ್ತು ಇದು,” ಎಂದರು. ನನಗಲ್ಲ, ಪಿನ್ನಿಗೆ.

“ಆ ಸಾಹೇಬ್ರು ಹೇಳಿದ್ರು ಅಪ್ಪ,” ಎಂದೆ. “ಅವತ್ತೇ ಹೇಳಿದ್ರು. ಇದು ಮುರೀದೆ ಇದ್ರೆ ಕೈ ಮುರಿಯುತ್ತೆ ಅಂತ. ನಾನು ನಿಮಗೆ ಹೇಳ್ಲಿಲ್ಲ.”

ಅಪ್ಪ ಪಿನ್ನನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದರು. “ನೀನು ಹೇಳಿದ್ರೂ ನಾನು ಕೇಳ್ತಿರಲಿಲ್ಲ ಕಣೆ,” ಎಂದರು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು, “ಅಮ್ಮನಿಗೆ ಹೇಳೋದು ಬೇಡ,” ಎಂದರು.

ಯಾರನ್ನು ಕಾಪಾಡಲು ಬೇಡ ಎಂದರೋ, ತಮ್ಮನ್ನೋ ನನ್ನನ್ನೋ, ನಾನು ಕೇಳಲಿಲ್ಲ. ಗುಜರಿಯಲ್ಲೇ ಹೇಳಿದ್ದರೆ ಅಪ್ಪ ಕೇಳುತ್ತಿದ್ದರೇನೋ ಎಂಬ ಸಂಶಯವೂ ಹೋಗಿಲ್ಲ. ನಮ್ಮಪ್ಪ ಹಟಮಾರಿ, ನಿಜ. ಆದರೆ ಮೆಷಿನ್ನಿನ ವಿಷಯದಲ್ಲಿ ಸರಿಯಾದ ಮಾತು ಯಾರ ಬಾಯಿಂದ ಬಂದರೂ ಗುರುತಿಸುವ ಮನುಷ್ಯ.

ಅಂದೇ ಇಬ್ಬರೂ ಗುಜರಿಗೆ ಹೋದೆವು. ಅಪ್ಪ ಹಿತ್ತಾಳೆಯ ಪಿನ್ನು ಕೇಳಿದ ಕೂಡಲೇ ಬಾಷಾ ಸಾಹೇಬರಿಗೆ ಎಲ್ಲ ತಿಳಿಯಿತು. ಅಪ್ಪನನ್ನು ಏನೂ ಕೇಳಲಿಲ್ಲ. ನನ್ನ ಮುಖ ನೋಡಿದರು, ಅಷ್ಟೇ. ಡಬ್ಬಿಯಲ್ಲಿದ್ದಷ್ಟನ್ನೂ ಕಾಗದದ ಪೊಟ್ಟಣ ಕಟ್ಟಿ ನನ್ನ ಕೈಗೇ ಕೊಟ್ಟರು.

ಆಮೇಲೆ ಡೋರೀನ್ ಇನ್ನೂ ಐದಾರು ವರ್ಷ ನಮ್ಮಲ್ಲಿ ಬಾಳಿದಳು. ತಿಂಗಳಿಗೊಮ್ಮೆ ಟಿಕ್ ಎನ್ನುತ್ತಿತ್ತು. ಅಪ್ಪ ಎಲ್ಲಿದ್ದರೂ, “ಸದ್ಯ,” ಎಂದು ಎದ್ದು ಬಂದು ಹೊಸ ಪಿನ್ನು ಹಾಕುತ್ತಿದ್ದರು. ಥರ್ಡ್ ಕ್ಲಾಸು ಎಂಬ ಮಾತು ಮತ್ತೆ ಬರಲಿಲ್ಲ.

ಆ ವರ್ಷದ ಟೆಸ್ಟಿಗೆ ಕೂರಲು ಅಮ್ಮನಿಗೆ ಆಗಲಿಲ್ಲ. ಆ ಜಾಗ ಬೇರೊಬ್ಬರಿಗೆ ಹೋಯಿತು. ಎರಡು ವರ್ಷ ಕಾದು, ಬಿಸಿನೀರಿನಲ್ಲಿ ಬೆರಳು ಅದ್ದಿ ಅದ್ದಿ ಮಡಿಸುವುದನ್ನು ಕಲಿತು, ಮತ್ತೆ ಕೂತು ಪಾಸಾದರು. ಎಡಗೈ ನಡುಬೆರಳಿನ ತುದಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಕೀ ಒತ್ತಿದ್ದು ಗೊತ್ತಾಗುವುದಿಲ್ಲ, ಕಣ್ಣಲ್ಲಿ ನೋಡಬೇಕು ಎನ್ನುತ್ತಿದ್ದರು. ಆಫೀಸಿನಲ್ಲಿ ಅದನ್ನು ಯಾರಿಗೂ ಹೇಳಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ಪುಣೆಗೆ ಹೋದೆ. ಅಮ್ಮ ಊಟದ ಬಿಡುವಿನಲ್ಲಿ ಆಫೀಸಿನ ಮೆಷಿನ್ನಿನಲ್ಲೇ ನನಗೆ ಕಾಗದ ಟೈಪು ಮಾಡಿ ಕಳಿಸುತ್ತಿದ್ದರು, ಇಂಗ್ಲಿಷಿನಲ್ಲಿ, ಕಾನ್ವೆಂಟಿನ ಮಗಳಿಗೆ ತಪ್ಪಿಲ್ಲದೆ ಬರೆಯುವ ಹೆಮ್ಮೆಯಲ್ಲಿ. ಮೈ ಡಿಯರ್ ಪದ್ದು ಎಂದು ಶುರು. ಎಲ್ಲ ಅಕ್ಷರಗಳೂ ಕಪ್ಪಗೆ, ಗಟ್ಟಿಯಾಗಿ. ಇ, ಡಿ, ಸಿ ಈ ಮೂರು ಮಾತ್ರ ಎಲ್ಲೇ ಬಂದರೂ ಬೂದಿಯ ಬಣ್ಣ, ಎಡಗೈ ನಡುಬೆರಳು ಒತ್ತುವ ಅಕ್ಷರಗಳು. ಇಂಗ್ಲಿಷಿನಲ್ಲಿ ಇ ಇಲ್ಲದ ಸಾಲು ಇರುತ್ತದೆಯೇ? ಡಿಯರ್ ಎಂಬುದರಲ್ಲೇ ಮೊದಲೆರಡು ಅಕ್ಷರ ಮಾಸಿ ಕಾಣುತ್ತಿದ್ದವು.

ಒಂದು ಸಂಜೆ ನನ್ನ ಗಂಡ ಅಂಥ ಒಂದು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿ, “ರಿಬ್ಬನ್ ಬದಲಾಯಿಸೋಕೆ ಹೇಳೇ ನಿಮ್ಮಮ್ಮನಿಗೆ. ಈಗ ಬರೋ ರಿಬ್ಬನ್ನುಗಳ ಕ್ವಾಲಿಟಿನೇ ಸರಿಯಿಲ್ಲ,” ಎಂದರು.

“ಹ್ಞೂಂ, ಬರೀತೀನಿ,” ಎಂದೆ.